ಮುದ್ರೆ ಇದ್ದದ್ದು ಚಲನ್‌ನ ಹಿಂಬದಿಯಲ್ಲಿ

ನಮ್ಮ ದೊಡ್ಡ ಗಿರಾಕಿ ದಿವಾಳಿ ಪ್ರಕ್ರಿಯೆಗೆ ಹೋದ ಸುದ್ದಿ ನಮಗೆ ತಲುಪಿದ್ದು ಹನ್ನೊಂದನೆಯ ದಿನ. ನಮಗೆ ಬರಬೇಕಾದ ಬಾಕಿಯ ಕ್ಲೇಮ್ ಸಲ್ಲಿಸಲು ಇದ್ದದ್ದು ಹದಿನಾಲ್ಕು ದಿನ. ಇಂಗ್ಲಿಷ್ ಪತ್ರಿಕೆಯಲ್ಲೊಂದು, ಕನ್ನಡ ಪತ್ರಿಕೆಯಲ್ಲೊಂದು ಪ್ರಕಟಣೆ ಬಂದಿತ್ತಂತೆ. ನಾನೂ ಯಜಮಾನರೂ ದಿನಾ ಪತ್ರಿಕೆ ಓದುವವರೇ. ಆದರೆ ಟೆಂಡರ್, ಹರಾಜು, ಹೆಸರು ಬದಲಾವಣೆಗಳ ಪುಟವನ್ನು ಯಾರು ಓದುತ್ತಾರೆ? ಪಕ್ಕದ ಶೆಡ್ಡಿನ ಪ್ಲೇಟಿಂಗ್‌ನವರು ಕತ್ತರಿಸಿ ತಂದು ನನ್ನ ಮೇಜಿನ ಮೇಲಿಟ್ಟರು. ಅವರಿಗೂ ಅದೇ ಕಂಪನಿಯಿಂದ ಬಾಕಿ ಇತ್ತು.

ಪೀಣ್ಯದಲ್ಲಿ ನಮ್ಮದು ಚಿಕ್ಕ ಮಷೀನ್ ಶಾಪ್. ಒಂಬತ್ತು ಯಂತ್ರ, ಇಪ್ಪತ್ತಮೂರು ಜನ, ಒಂದು ಲೆಕ್ಕದ ಕೋಣೆ. ಆ ಕೋಣೆಯಲ್ಲಿ ಇಪ್ಪತ್ತು ವರ್ಷಗಳಿಂದ ಇದ್ದೇನೆ. ಅದಕ್ಕೂ ಮೊದಲು ಸಂಜೆ ಟ್ಯುಟೋರಿಯಲ್‌ನಲ್ಲಿ ವಾಣಿಜ್ಯ ಪಾಠ ಮಾಡುತ್ತಿದ್ದೆ. ಹಾಗಾಗಿ ಯಜಮಾನರಿಂದ ಹಿಡಿದು ಗೂಡ್ಸ್ ಆಟೋದ ಹುಡುಗನವರೆಗೆ ಎಲ್ಲರಿಗೂ ನಾನು ಮೇಷ್ಟ್ರು. ಗಿರಾಕಿ ಕಂಪನಿ ಪಂಪ್ ಮಾಡುವಂಥದ್ದು. ಅವರು ಕಳಿಸುವ ಎರಕದ ಬಿಡಿಭಾಗಗಳನ್ನು ನಾವು ಕೊರೆದು, ತಿರುವಿ ವಾಪಸು ಕಳಿಸುತ್ತಿದ್ದೆವು. ಅದು ಜಾಬ್ ವರ್ಕ್. ಜೊತೆಗೆ ಬುಷ್, ಶಾಫ್ಟ್ ಇತ್ಯಾದಿಗಳನ್ನು ನಮ್ಮದೇ ಕಬ್ಬಿಣದಲ್ಲಿ ಮಾಡಿ ಮಾರುತ್ತಿದ್ದೆವು. 2024ರ ಫೆಬ್ರುವರಿಯಲ್ಲಿ ಬ್ಯಾಂಕಿನ ಅರ್ಜಿಯ ಮೇಲೆ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ ದಿವಾಳಿ ಪ್ರಕ್ರಿಯೆಯ ಆದೇಶ ಹೊರಡಿಸಿದಾಗ ನಮ್ಮ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಇದ್ದದ್ದು 47 ಬಿಲ್, ಒಟ್ಟು 41,86,350 ರೂಪಾಯಿ.

"ಬಿಲ್ ಇದೆಯಲ್ಲ ಮೇಷ್ಟ್ರೇ, ಎಲ್ಲದರ ಜೆರಾಕ್ಸ್ ತೆಗೆದು ಕಳಿಸಿಬಿಡಿ" ಎಂದರು ಯಜಮಾನರು. ನನಗೂ ಹಾಗೇ ಅನ್ನಿಸಿತ್ತು. ಮೂರು ದಿನ ಇದೆ, 47 ಬಿಲ್ ಇದೆ, ಮತ್ತೇನು?

ಅಂದು ಸಂಜೆ ಪರಿಚಯದ ಕಂಪನಿ ಸೆಕ್ರೆಟರಿಯೊಬ್ಬರಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಆ ಬಿಲ್ಲಿನ ಮೇಲೆ ಅವರ ಕೈ ಬಿದ್ದದ್ದು ಎಲ್ಲಿ?" ನಾನು ಅರ್ಥವಾಗದೆ ಸುಮ್ಮನಾದೆ. "ಬಿಲ್ ನೀವು ಬರೆದದ್ದು. ನಾಳೆ ನಾನೂ ಆ ಕಂಪನಿಯ ಹೆಸರಿಗೆ ಒಂದು ಕೋಟಿಯ ಬಿಲ್ ಬರೆಯಬಹುದು. ಅವರು ಒಪ್ಪಿಕೊಂಡ ಗುರುತು ಯಾವ ಕಾಗದದ ಮೇಲಿದೆ, ಅದನ್ನು ಹುಡುಕಿ" ಎಂದರು. ಅಲ್ಲಿಂದ ಮುಂದಿನ ಮೂರು ದಿನ, ಆಮೇಲಿನ ಮೂರು ತಿಂಗಳು ನಾನು ಹುಡುಕಿದ್ದು ಅದನ್ನೇ.

ಮೊದಲು ಫಾರಂ. ದಿವಾಳಿ ಸಂಹಿತೆ ಬಂದದ್ದು 2016ರಲ್ಲಿ. ಅದರಡಿಯ ನಿಯಮಗಳಲ್ಲಿ ಯಾರು ಯಾವ ಫಾರಂ ತುಂಬಬೇಕೆಂದು ಇದೆ. ಸರಕು, ಸೇವೆ ಕೊಟ್ಟು ಬಾಕಿ ಉಳಿದವರಿಗೆ ಫಾರಂ ಬಿ. ಬ್ಯಾಂಕಿನಂತೆ ಹಣವನ್ನೇ ಸಾಲ ಕೊಟ್ಟವರಿಗೆ ಫಾರಂ ಸಿ. ಕಾರ್ಮಿಕರಿಗೂ ನೌಕರರಿಗೂ ಫಾರಂ ಡಿ. ಯಾವುದರಲ್ಲೂ ಸೇರದವರಿಗೆ ಫಾರಂ ಎಫ್. ಫಾರಂನ ಭಾಷೆಯಲ್ಲಿ ನಾವು 'ಆಪರೇಷನಲ್ ಕ್ರೆಡಿಟರ್'. ಕನ್ನಡದಲ್ಲಿ ಸಾಲ ಕೊಟ್ಟವನೂ ಸಾಲಗಾರ, ತೆಗೆದುಕೊಂಡವನೂ ಸಾಲಗಾರ. ಆ ಮೂರು ದಿನ ಯಜಮಾನರು "ಸಾಲಗಾರರ ಪಟ್ಟಿಯಲ್ಲಿ ನಮ್ಮ ಹೆಸರು ಬರುವುದು ಮರ್ಯಾದೆಯ ಪ್ರಶ್ನೆ ಅಲ್ಲವೇ" ಎಂದು ಎರಡು ಸಲ ಕೇಳಿದರು. ಎರಡು ಸಲವೂ ಬಿಡಿಸಿ ಹೇಳಬೇಕಾಯಿತು.

ಪ್ಲೇಟಿಂಗ್‌ನವರ ಕಥೆ ಬೇರೆ. ಅವರು ಕೆಲಸದ ಬಾಕಿಯ ಜೊತೆಗೆ ಎರಡು ವರ್ಷದ ಹಿಂದೆ ಆ ಕಂಪನಿಗೆ ಹತ್ತು ಲಕ್ಷ ಕೈಸಾಲವನ್ನೂ ಕೊಟ್ಟಿದ್ದರು, ಬಡ್ಡಿಗೆ. ಎರಡನ್ನೂ ಸೇರಿಸಿ ಫಾರಂ ಬಿಯಲ್ಲಿ ಬರೆದರು. ಕೈಸಾಲಕ್ಕೆ ಫಾರಂ ಸಿ ಬೇಕಿತ್ತು. ಅದಕ್ಕೆ ಬೇಕಾದ ದಾಖಲೆಯೂ ಬೇರೆ ಜಾತಿಯದು: ಹಣ ಹೋದ ಬ್ಯಾಂಕ್ ಸ್ಟೇಟ್‌ಮೆಂಟ್, ಸಾಲದ ಕರಾರು, ಬಡ್ಡಿ ಬಂದ ನಮೂದುಗಳು. ಫಾರಂ ಬದಲಾಯಿಸಿ ಕಳಿಸುವಷ್ಟರಲ್ಲಿ ಅವರಿಗೆ ಇನ್ನೂ ಎರಡು ವಾರ ಹೋಯಿತು. ಅದು ವ್ಯರ್ಥ ಓಡಾಟವಲ್ಲ. ಕಂಪನಿಯ ಮುಂದಿನ ಗತಿ ತೀರ್ಮಾನಿಸುವ, ಸಾಲ ಕೊಟ್ಟವರ ಸಮಿತಿಯಲ್ಲಿ ಮತ ಇರುವುದು ಹಣ ಸಾಲ ಕೊಟ್ಟವರಿಗೆ ಮಾತ್ರ, ನಮ್ಮಂಥವರಿಗಲ್ಲ.

ಹದಿನಾಲ್ಕು ದಿನ ತಪ್ಪಿದರೆ ಬಾಗಿಲು ಮುಚ್ಚಿಬಿಡುತ್ತದೆ ಎಂದು ನಾನು ಹೆದರಿದ್ದೆ. ಹಾಗಲ್ಲ. 2023ರ ತಿದ್ದುಪಡಿಯ ನಂತರ, ಪ್ರಕ್ರಿಯೆ ಶುರುವಾದ ದಿನದಿಂದ 90 ದಿನ ಅಥವಾ ಪರಿಹಾರ ಯೋಜನೆಗಳನ್ನು (ಕಂಪನಿಯನ್ನು ವಹಿಸಿಕೊಂಡು ಬಾಕಿ ತೀರಿಸುವ ಪ್ರಸ್ತಾವಗಳನ್ನು) ಆಹ್ವಾನಿಸುವ ದಿನ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಕಾರಣ ಹೇಳಿ ಸಲ್ಲಿಸಬಹುದು. ಆದರೆ ಸಲ್ಲಿಸದೇ ಇದ್ದರೆ ಮಾತ್ರ ಮುಗಿಯಿತು. ಯೋಜನೆಗೆ ಒಮ್ಮೆ ಒಪ್ಪಿಗೆ ಸಿಕ್ಕಿತೆಂದರೆ ಅದರಲ್ಲಿ ಇಲ್ಲದ ಬಾಕಿ ಅಳಿದುಹೋಗುತ್ತದೆ ಎಂದು ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಲ್ಲಿ ಘನಶ್ಯಾಮ್ ಮಿಶ್ರಾ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ನಾವೇ ಅರ್ಜಿ ಹಾಕಿ ಕಂಪನಿಯನ್ನು ನ್ಯಾಯಮಂಡಳಿಗೆ ಎಳೆಯುವ ದಾರಿಯೂ ನಮಗಿರಲಿಲ್ಲ. ಒಂದು ಲಕ್ಷವಿದ್ದ ಕನಿಷ್ಠ ಮಿತಿಯನ್ನು 2020ರ ಮಾರ್ಚ್ 24ರಂದು ಒಂದು ಕೋಟಿಗೆ ಏರಿಸಿದ್ದಾರೆ. 41 ಲಕ್ಷದವನು ಬ್ಯಾಂಕು ಬಾಗಿಲು ತೆರೆಯುವವರೆಗೆ ಕಾಯಬೇಕು.

ಫಾರಂ ಬಿ ಉದ್ದವೇನೂ ಇಲ್ಲ. ಬಾಕಿ ಎಷ್ಟು, ಹೇಗೆ, ಯಾವಾಗ ಹುಟ್ಟಿತು, ಯಾವ ದಾಖಲೆ ಅದನ್ನು ಸಾಬೀತು ಮಾಡುತ್ತದೆ, ವಿವಾದ ಇದೆಯೇ, ಪರಸ್ಪರ ವ್ಯವಹಾರ (ನಾವು ಅವರಿಗೆ ಕೊಡಬೇಕಾದದ್ದು) ಇದೆಯೇ, ಹಣ ಯಾವ ಖಾತೆಗೆ ಬರಬೇಕು, ಕೊನೆಯಲ್ಲಿ ಘೋಷಣೆ ಮತ್ತು ಸಹಿ. ತುಂಬಲು ಒಂದು ಗಂಟೆ ಸಾಕು. ಉಳಿದ ಎರಡೂವರೆ ದಿನ ಹೋದದ್ದು "ಯಾವ ದಾಖಲೆ" ಎಂಬ ಒಂದು ಸಾಲಿಗೆ.

ನೆಲದ ಮೇಲೆ ಹಳೆಯ ಪತ್ರಿಕೆ ಹಾಸಿ 47 ಗುಡ್ಡೆ ಮಾಡಿದೆ. ಒಂದೊಂದು ಬಿಲ್ಲಿಗೂ ಒಂದು ಗುಡ್ಡೆ. ಕೆಳಗೆ ಅವರ ಪರ್ಚೇಸ್ ಆರ್ಡರ್, ಅದರ ಮೇಲೆ ಸರಕಿನ ಜೊತೆ ಹೋದ ನಮ್ಮ ಡೆಲಿವರಿ ಚಲನ್, ಅದರ ಮೇಲೆ ಬಿಲ್. ಪರ್ಚೇಸ್ ಆರ್ಡರ್ ಅವರು ಕೊಟ್ಟದ್ದು, ಅದರಲ್ಲಿ ಅವರ ಸಹಿ ಇದೆ. ಆದರೆ ಅದು "ಮಾಡಿಕೊಡಿ" ಎಂದದ್ದಕ್ಕೆ ಸಾಕ್ಷಿ, "ಬಂತು" ಎಂದದ್ದಕ್ಕಲ್ಲ. "ಬಂತು" ಎಂಬುದಕ್ಕೆ ಸಾಕ್ಷಿ ಚಲನ್ ಮಾತ್ರ. ಸರಕು ಅವರ ಗೇಟಿಗೆ ಹೋದಾಗ ಸೆಕ್ಯುರಿಟಿಯವರು ಚಲನ್‌ನ ಎರಡು ಪ್ರತಿ ಇಸಿದುಕೊಂಡು, ಒಂದನ್ನು ಇಟ್ಟುಕೊಂಡು, ಇನ್ನೊಂದಕ್ಕೆ ದುಂಡನೆಯ ನೇರಳೆ ಮುದ್ರೆ ಒತ್ತಿ ಹಿಂದಕ್ಕೆ ಕೊಡುತ್ತಿದ್ದರು. ಮುದ್ರೆಯ ಮಧ್ಯೆ ಒಳಬಂದ ಸರಕಿಗೆ ಅವರ ರಿಜಿಸ್ಟರ್‌ನಲ್ಲಿ ಕೊಡುವ ಇನ್‌ವರ್ಡ್ ಸಂಖ್ಯೆ, ತಾರೀಖು, ಒಂದು ಸೊಟ್ಟ ಸಹಿ. ಇಷ್ಟು ವರ್ಷ ಆ ಮುದ್ರೆಯನ್ನು ನಾನು ಕಣ್ಣೆತ್ತಿಯೂ ನೋಡಿರಲಿಲ್ಲ. ಸರಕು ಹೋಯಿತೇ, ಬಿಲ್ ಹೋಯಿತೇ, ಅಷ್ಟೇ ನನ್ನ ಲೆಕ್ಕ. ಆ ರಾತ್ರಿ ಹನ್ನೊಂದು ಗಂಟೆಗೆ ಮಸುಕಾದ ನೇರಳೆ ವೃತ್ತಗಳನ್ನು ಟ್ಯೂಬ್‌ಲೈಟಿಗೆ ಹಿಡಿದು ಸಂಖ್ಯೆ ಓದುತ್ತಾ ಕೂತಿದ್ದೆ.

47ರಲ್ಲಿ 44 ಚಲನ್‌ಗೆ ಮುದ್ರೆ ಇತ್ತು. ಮೂರಕ್ಕೆ ಕಾಣಲಿಲ್ಲ. ಬಿಲ್‌ಗಳನ್ನು ಮಾತ್ರ ಇಟ್ಟು ಕಳಿಸಿದೆ. ಆ ಮೂರರ ಮೊತ್ತ 2,43,100 ರೂಪಾಯಿ.

ಮುದ್ರೆಯಾಚೆಗೂ "ಅವರ ಕೈ" ಬಿದ್ದ ಕಾಗದಗಳಿದ್ದವು. ಮೊದಲನೆಯದು ಆದಾಯ ತೆರಿಗೆಯ 26ಎಎಸ್, ನಮ್ಮ ಹೆಸರಿನಲ್ಲಿ ಬೇರೆಯವರು ಕಟ್ಟಿದ ತೆರಿಗೆಯ ವಿವರ. ಜಾಬ್ ವರ್ಕ್ ಬಿಲ್ಲಿಗೆ ಅವರು ಶೇ 2ರಷ್ಟು ಟಿಡಿಎಸ್ (ನಮ್ಮ ಪರವಾಗಿ ಸರ್ಕಾರಕ್ಕೆ ಕಟ್ಟುವ ತೆರಿಗೆ) ಕಡಿದುಕೊಳ್ಳುತ್ತಿದ್ದರು. ಹಣ ಕೊಟ್ಟಾಗ ಅಥವಾ ಪುಸ್ತಕದಲ್ಲಿ ನಮ್ಮ ಖಾತೆಗೆ ಜಮಾ ಬರೆದಾಗ, ಯಾವುದು ಮೊದಲೋ ಆಗ ಕಡಿಯಬೇಕು ಎಂಬುದು ನಿಯಮ. ಹಣ ಬಾರದ ಬಿಲ್ಲಿಗೂ ಟಿಡಿಎಸ್ ಕಟ್ಟಿದ್ದಾರೆಂದರೆ ಏನರ್ಥ? ಬಿಲ್ ತಮ್ಮ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ ಎಂದರ್ಥ. ಇದೊಂದನ್ನೇ ಹಿಡಿದು ಯಾರೂ ಸಾಲ ಸಾಬೀತು ಮಾಡಲಾರರು, ಆದರೆ ಚಲನ್ ಜೊತೆಗಿಟ್ಟರೆ ತೂಕ ಬರುತ್ತದೆ. ಎರಡನೆಯದು, ವಾಪಸು ಬಂದ ಎರಡು ಚೆಕ್. ಅವರ ಸಹಿ, ಬ್ಯಾಂಕಿನ ಮೆಮೊ. ಚೆಕ್ ಬೌನ್ಸ್ ಆದ ದಿನ ಯಜಮಾನರು ಅವನ್ನು ಹರಿದು ಎಸೆಯಲು ಹೋಗಿದ್ದರು. ಕಿತ್ತುಕೊಂಡು ಫೈಲಿಗೆ ಹಾಕಿದ್ದೆ. ಅದೊಂದು ಬುದ್ಧಿವಂತಿಕೆಯನ್ನು ನನ್ನ ಲೆಕ್ಕಕ್ಕೆ ಬರೆದುಕೊಳ್ಳುತ್ತೇನೆ.

ಮೂರನೆಯದು ಬಾಕಿ ದೃಢೀಕರಣ ಪತ್ರ. ಪ್ರತಿ ಏಪ್ರಿಲ್‌ನಲ್ಲಿ ಆಡಿಟರ್ ಕೇಳುತ್ತಾರೆಂದು ಗಿರಾಕಿಗಳಿಗೆ "ಮಾರ್ಚ್ 31ಕ್ಕೆ ನಿಮ್ಮಿಂದ ಬರಬೇಕಾದದ್ದು ಇಷ್ಟು, ಸರಿಯಿದ್ದರೆ ಸಹಿ ಮಾಡಿ ಕಳಿಸಿ" ಎಂದು ಬರೆಯುತ್ತೇವೆ. ಹತ್ತರಲ್ಲಿ ಏಳು ಕಂಪನಿ ಉತ್ತರವನ್ನೇ ಕೊಡುವುದಿಲ್ಲ. ಇವರು 2021, 2022ರಲ್ಲಿ ಸಹಿ ಮಾಡಿ ಕಳಿಸಿದ್ದರು. 2023ರಲ್ಲಿ ಕಳಿಸಲಿಲ್ಲ. ಆಗಲೇ ಅನುಮಾನ ಬರಬೇಕಿತ್ತು. ಈ ಪತ್ರ ಉಪಯೋಗಕ್ಕೆ ಬಂದದ್ದು 2019ರ ಜೂನ್ ತಿಂಗಳ ಎರಡು ಬಿಲ್‌ಗಳಿಗೆ. ರೇಟಿನ ತಕರಾರಿನಲ್ಲಿ ತಡೆಹಿಡಿದಿದ್ದ ಬಿಲ್‌ಗಳು ಅವು. ಬಾಕಿ ವಸೂಲಿಗೆ ಕಾಲಮಿತಿ ಮೂರು ವರ್ಷ. ದಿವಾಳಿ ಪ್ರಕ್ರಿಯೆಗೂ ಅದೇ ಕಾಲಮಿತಿ ಕಾಯ್ದೆ ಅನ್ವಯ. ಆದರೆ ಮೂರು ವರ್ಷ ಮುಗಿಯುವ ಮೊದಲೇ ಬಾಕಿ ಕೊಡಬೇಕಾದವನು ಲಿಖಿತವಾಗಿ ಒಪ್ಪಿಕೊಂಡರೆ ಎಣಿಕೆ ಅಂದಿನಿಂದ ಮತ್ತೆ ಶುರು. 2021ರ ಸಹಿ ಆ ಎರಡು ಬಿಲ್ಲಿಗೆ ಜೀವ ಕೊಟ್ಟಿತು. ಆಡಿಟರ್‌ನ ಕಾಟ ಎಂದು ನಾನು ಬಯ್ದುಕೊಂಡು ಮಾಡುತ್ತಿದ್ದ ಕೆಲಸ ಅದು.

ಜಿಎಸ್‌ಟಿಯದ್ದೂ ಸೇರಿಸಬೇಕು: ಜಿಎಸ್‌ಟಿಆರ್-1, 3ಬಿ ಎಂಬ ರಿಟರ್ನ್‌ಗಳ ಸಂಬಂಧಪಟ್ಟ ಭಾಗ, ಸರಕು ಸಾಗಣೆಯ ಇ-ವೇ ಬಿಲ್‌ಗಳು. 2022ರಿಂದ ನಿಯಮದಲ್ಲೇ ಬಂದಿದೆ. ಅದೂ ನಾವೇ ಸಲ್ಲಿಸಿದ ವಿವರವೇ, ಆದರೆ ತೆರಿಗೆ ಕಟ್ಟಿ ಸಲ್ಲಿಸಿದ್ದು. ಬಾರದ ಹಣಕ್ಕೆ ತೆರಿಗೆಯನ್ನು ಮೊದಲೇ ಕಟ್ಟಿರುತ್ತೇವೆ ಎಂಬ ಸಂಗತಿ ಆ ಕಾಗದ ನೋಡಿದಾಗೆಲ್ಲ ಹೊಟ್ಟೆ ಉರಿಸುತ್ತದೆ.

ಎಲ್ಲವನ್ನೂ ಸ್ಕ್ಯಾನ್ ಮಾಡಿದಾಗ 312 ಪುಟ ಆಯಿತು. ಪ್ರತಿ ಪುಟಕ್ಕೆ ಸಂಖ್ಯೆ, ಮುಂದೆ ಒಂದು ಪಟ್ಟಿ: ಬಿಲ್ ಸಂಖ್ಯೆ, ತಾರೀಖು, ಮೊತ್ತ, ಆರ್ಡರ್ ಯಾವ ಪುಟ, ಚಲನ್ ಯಾವ ಪುಟ, ಇನ್‌ವರ್ಡ್ ಸಂಖ್ಯೆ ಎಷ್ಟು. ಈ ಪಟ್ಟಿ ಮಾಡಲು ನಾಲ್ಕು ಗಂಟೆ ಹಿಡಿಯಿತು. ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಟ್ಟ ನಾಲ್ಕು ಗಂಟೆ ಅದೇ ಎಂದು ಆಮೇಲೆ ಗೊತ್ತಾಯಿತು. ಇ-ಮೇಲ್ ಮೊದಲ ಸಲ ಹೋಗಲಿಲ್ಲ, ಕಡತ ದಪ್ಪವಾಗಿತ್ತು. ಎರಡು ಭಾಗ ಮಾಡಿ ಕೊನೆಯ ದಿನ ಸಂಜೆ ಐದೂಕಾಲಿಗೆ ಕಳಿಸಿದೆ.

ಎರಡು ತಪ್ಪು ಮಾಡಿದ್ದೆ. ಒಂದು ಬಡ್ಡಿ. ನಮ್ಮ ಬಿಲ್ಲಿನ ಕೆಳಗೆ ಸಣ್ಣ ಅಕ್ಷರದಲ್ಲಿ "ತಡವಾದರೆ ಶೇ 24 ಬಡ್ಡಿ" ಎಂದು ಅಚ್ಚಾಗಿದೆ. ಯಾರೂ ಎಂದೂ ಕೊಟ್ಟಿಲ್ಲ, ನಾವೂ ಕೇಳಿಲ್ಲ. ಅದನ್ನು ನಂಬಿ ಏಳೂವರೆ ಲಕ್ಷದ ಹತ್ತಿರ ಬಡ್ಡಿ ಸೇರಿಸಿದೆ, ಪ್ರಕ್ರಿಯೆ ಶುರುವಾದ ದಿನದವರೆಗೆ ಮಾತ್ರ ಲೆಕ್ಕ ಹಾಕಿ. ಅವರ ಪರ್ಚೇಸ್ ಆರ್ಡರ್‌ನ ಹಿಂದಿನ ಪುಟದಲ್ಲಿ ಬಡ್ಡಿ ಕೊಡುವುದಿಲ್ಲ ಎಂಬ ಷರತ್ತು ಇದ್ದದ್ದನ್ನು ನಾನು ಓದಿರಲಿಲ್ಲ. ಉದ್ಯಮ್ ನೋಂದಣಿ ಇರುವ ಸಣ್ಣ ಕೈಗಾರಿಕೆಗೆ ಕಾಯ್ದೆಯಲ್ಲೇ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿಯ ಹಕ್ಕಿದೆ. ಕೇಳುವುದಾದರೆ ಅದನ್ನು ಕೇಳಬೇಕಿತ್ತು. ನಾನು ಕೇಳಿದ್ದು ನಾವೇ ಅಚ್ಚು ಹಾಕಿಸಿದ ಸಾಲಿನ ಬಲದ ಮೇಲೆ.

ಇನ್ನೊಂದು, "ವಿವಾದ ಇದೆಯೇ" ಎಂಬಲ್ಲಿ "ಇಲ್ಲ" ಎಂದು ಬರೆದದ್ದು. ಇತ್ತು. ರಿಜೆಕ್ಟ್ ಆದ ಮಾಲಿನ ಹಣ ಕಳೆಯುತ್ತೇವೆಂದು ಅವರು ಕಳಿಸಿದ್ದ ಡೆಬಿಟ್ ನೋಟ್‌ಗಳು ನನ್ನ ಡ್ರಾಯರ್‌ನಲ್ಲಿದ್ದವು, 1,32,600 ರೂಪಾಯಿಯವು. ಯಜಮಾನರು ಒಪ್ಪಿರಲಿಲ್ಲ, ಹಾಗಾಗಿ ನಾನು ಪುಸ್ತಕದಲ್ಲಿ ಬರೆದಿರಲಿಲ್ಲ. ಒಪ್ಪದಿರುವುದಕ್ಕೇ ವಿವಾದ ಎನ್ನುವುದು ಎಂಬ ಸರಳ ಸಂಗತಿ ಆ ಗಡಿಬಿಡಿಯಲ್ಲಿ ಹೊಳೆಯಲಿಲ್ಲ.

ಪರಸ್ಪರ ವ್ಯವಹಾರದ ಕಾಲಂನಲ್ಲಿ ಮಾತ್ರ ನಾನು ಗಟ್ಟಿಯಾಗಿ ನಿಂತೆ. ಅವರ ಎರಕದ ಬಿಡಿಭಾಗಗಳು ನಮ್ಮ ಅಂಗಳದಲ್ಲಿ ಬಿದ್ದಿದ್ದವು, ಜೊತೆಗೆ ಕೊರೆಯುವಾಗ ಅವನ್ನು ಹಿಡಿದಿಡುವ ಅವರ ಎರಡು ಫಿಕ್ಸ್‌ಚರ್. ಯಜಮಾನರ ಯೋಚನೆ ಸರಳ: ಗುಜರಿಗೆ ಹಾಕಿ ಬಾಕಿಗೆ ವಜಾ ಮಾಡಿಕೊಳ್ಳೋಣ. ಪಕ್ಕದ ಬೀದಿಯ ಗುಜರಿಯವನನ್ನು ಕರೆಸಿಯೂ ಆಗಿತ್ತು. ಆದೇಶ ಬಂದ ದಿನದಿಂದ ಆ ಕಂಪನಿಯ ಆಸ್ತಿಯ ಮೇಲೆ ಯಾರೂ ಕೈ ಹಾಕುವಂತಿಲ್ಲ, ವಸೂಲಿಗೆ ತಡೆ ಇದೆ ಎಂದು ಎಷ್ಟು ಹೇಳಿದರೂ "ನಮ್ಮ ಅಂಗಳದಲ್ಲಿರುವುದು ನಮ್ಮದಲ್ಲವೇ" ಎಂದರು. ಕೊನೆಗೆ ನಾನು "ಫಾರಂಗೆ ಸಹಿ ಮಾಡುವವರು ನೀವು, ಸುಳ್ಳು ಹೇಳಿದರೆ ಶಿಕ್ಷೆ ಎಂದು ಕೆಳಗೆ ಬರೆದಿದೆ" ಎಂದೆ. ಗುಜರಿಯವನು ಚಹಾ ಕುಡಿದು ಹೋದ. ಎಣಿಸಿ, ತೂಗಿ, ಪಟ್ಟಿ ಮಾಡಿ ಫಾರಂನಲ್ಲಿ ಬರೆದೆವು. ಒಂದು ತಿಂಗಳ ನಂತರ ಅವರ ಕಡೆಯವರು ಬಂದು ಲಾರಿಗೆ ತುಂಬಿಕೊಂಡು ಹೋದರು, ನಮ್ಮ ಪಟ್ಟಿಗೆ ಸಹಿ ಮಾಡಿ.

ಕೊನೆಯ ದಿನಾಂಕದ ನಂತರ ಏಳು ದಿನದಲ್ಲಿ ಕ್ಲೇಮ್‌ಗಳನ್ನು ಪರಿಶೀಲಿಸಬೇಕು ಎಂದು ನಿಯಮ. ನಮಗೆ ಮೊದಲು ಬಂದದ್ದು ಪತ್ರವಲ್ಲ, ಫೋನ್. ಕಂಪನಿಯ ಆಡಳಿತವನ್ನು ವಹಿಸಿಕೊಂಡಿದ್ದ ಮಧ್ಯಂತರ ದಿವಾಳಿ ವೃತ್ತಿಪರರ ಕಚೇರಿಯಿಂದ ಒಬ್ಬ ಹುಡುಗಿ, ಬಹುಶಃ ಸಿಎ ಓದುತ್ತಿದ್ದವಳು.

"ಸರ್, ನಿಮ್ಮ ಪಟ್ಟಿ ನೋಡಿ ಖುಷಿಯಾಯಿತು. ಕೆಲವರು ಬಿಲ್‌ಗಳನ್ನು ಚೀಲದಲ್ಲಿ ತುಂಬಿ ಕಳಿಸಿದ್ದಾರೆ. ಆದರೆ 1187, 1203, 1219, ಈ ಮೂರಕ್ಕೆ ಚಲನ್ ಎಲ್ಲಿ?"

"ಸರಕು ಬಂದಿದೆಯಮ್ಮ, ನಿಮ್ಮ ಸ್ಟೋರ್ಸ್‌ನಲ್ಲಿ ಕೇಳಿ" ಎಂದೆ.

"ನಾನು ಕೇಳಬಹುದು. ಆದರೆ ಏನನ್ನು ಹುಡುಕಬೇಕೆಂದು ನೀವು ಹೇಳಬೇಕು" ಎಂದಳು.

ಹತ್ತು ದಿನದ ನಂತರ ಬಂದ ಪತ್ರದಲ್ಲಿ ಒಪ್ಪಿದ ಮೊತ್ತ 37,52,410 ರೂಪಾಯಿ. ಬಡ್ಡಿ ಪೂರ್ತಿ ತಿರಸ್ಕಾರ. ಅಸಲಿನಲ್ಲಿ ಮೂರು ಕಡಿತ: ಮುದ್ರೆ ಇಲ್ಲದ ಮೂರು ಬಿಲ್, ಡೆಬಿಟ್ ನೋಟ್‌ಗಳು, ಮತ್ತು 58,240 ರೂಪಾಯಿ ಟಿಡಿಎಸ್. ಕೊನೆಯದನ್ನು ಓದಿ ನನಗೆ ನಾಚಿಕೆಯಾಯಿತು. ಅವರು ಕಡಿದು ಸರ್ಕಾರಕ್ಕೆ ಕಟ್ಟಿದ ಟಿಡಿಎಸ್ ನಮಗೆ ಬಂದಂತೆಯೇ ಲೆಕ್ಕ. 26ಎಎಸ್ ಅನ್ನು ಸಾಕ್ಷಿಯಾಗಿ ಇಟ್ಟವನು ನಾನೇ. ಅದೇ ಮೊತ್ತವನ್ನು ಬಾಕಿಯಿಂದ ಕಳೆಯದವನೂ ನಾನೇ. ಟ್ಯುಟೋರಿಯಲ್‌ನಲ್ಲಿ ವಿದ್ಯಾರ್ಥಿ ಹೀಗೆ ಬರೆದಿದ್ದರೆ ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತಿದ್ದೆ.

ಡೆಬಿಟ್ ನೋಟ್‌ಗಳನ್ನು ಕೈಬಿಟ್ಟೆವು. ಹೆಚ್ಚಿನವು ನಿಜವಾಗಿ ನಮ್ಮ ತಪ್ಪೇ. ಯಜಮಾನರಿಗೆ ಸ್ವಲ್ಪ ಸಿಟ್ಟಿತ್ತು: "ಇವರು ಯಾರು ತೀರ್ಪು ಕೊಡುವುದಕ್ಕೆ?" ಅವರು ತೀರ್ಪು ಕೊಡುವವರಲ್ಲವೇ ಅಲ್ಲ. 2019ರ ಸ್ವಿಸ್ ರಿಬ್ಬನ್ಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ: ಈ ವೃತ್ತಿಪರರ ಅಧಿಕಾರ ಆಡಳಿತಾತ್ಮಕ, ನ್ಯಾಯಾಧೀಶರದ್ದಲ್ಲ. ಕಾಗದ ನೋಡಿ, ಪುಸ್ತಕಕ್ಕೆ ತಾಳೆ ಹಾಕಿ, ಪಟ್ಟಿಗೆ ಸೇರಿಸುತ್ತಾರೆ. ಒಪ್ಪಿಗೆಯಾಗದಿದ್ದರೆ ನ್ಯಾಯಮಂಡಳಿಯ ಬೆಂಗಳೂರು ಪೀಠಕ್ಕೆ ಹೋಗಬಹುದು. ಆದರೆ ಹೊಸ ಮಾಹಿತಿ ಸಿಕ್ಕಾಗ ಒಪ್ಪಿದ ಮೊತ್ತವನ್ನು ಅವರೇ ಪರಿಷ್ಕರಿಸಲು ನಿಯಮದಲ್ಲಿ ಅವಕಾಶವಿದೆ. ನಾನು ಹಿಡಿದದ್ದು ಆ ದಾರಿ.

ಆ ಕಂಪನಿಯ ಸ್ಟೋರ್ಸ್‌ನಲ್ಲಿ ನನಗೆ ಪರಿಚಯದ ಒಬ್ಬರಿದ್ದರು, ಹದಿನೈದು ವರ್ಷದ ಸ್ನೇಹ. ಅವರಿಗೂ ಮೂರು ತಿಂಗಳ ಸಂಬಳ ಬಾಕಿ. ನೇಮಕಾತಿ ಪತ್ರ, ಸಂಬಳ ಬರುವುದು ನಿಂತುಹೋದ ಬ್ಯಾಂಕ್ ಪಾಸ್‌ಬುಕ್, ಪಿಎಫ್ ಪಾಸ್‌ಬುಕ್ ಇಟ್ಟು ಅವರ ಫಾರಂ ಡಿ ತುಂಬಿಕೊಟ್ಟವನು ನಾನೇ. ಕೆಲಸ ಮುಗಿದ ಮೇಲೆ ಸ್ವಲ್ಪ ಹಿಂಜರಿಯುತ್ತಲೇ "ನಮ್ಮ ಮೂರು ಬಿಲ್ಲಿನ ಇನ್‌ವರ್ಡ್ ರಿಜಿಸ್ಟರ್ ಪುಟದ ಒಂದು ಫೋಟೊ..." ಎಂದೆ. ಅವರು ತಲೆ ಅಲ್ಲಾಡಿಸಿದರು. "ಕಂಪನಿಯ ರಿಜಿಸ್ಟರ್ ಹೊರಗೆ ಕೊಡಲಾರೆ. ಈಗಂತೂ ಸಾಧ್ಯವಿಲ್ಲ. ಆದರೆ ಒಂದು ಮಾತು ಹೇಳುತ್ತೇನೆ. ಕಳೆದ ವರ್ಷದ ಮಳೆಗಾಲದಲ್ಲಿ ಗೇಟಿನ ಹೊಸ ಕಾವಲುಗಾರ ಚಲನ್‌ನ ಹಿಂಬದಿಗೆ ಮುದ್ರೆ ಹಾಕುತ್ತಿದ್ದ. ಮುಂದೆ ಜಾಗ ಇಲ್ಲವೆಂದು."

ಅಂದು ಕಚೇರಿಗೆ ಹೋದವನೇ ಆ ಮೂರು ಬಿಲ್‌ಗಳ ಕಾಗದಗಳ ಕಟ್ಟು ಬಿಚ್ಚಿದೆ. 1187ರ ಚಲನ್ ಅಲ್ಲೇ ಇತ್ತು. ಮುಂದೆ ಏನೂ ಇಲ್ಲ, ನಮ್ಮ ಐಟಂ ಪಟ್ಟಿಯೇ ಪುಟ ತುಂಬಿತ್ತು. ತಿರುಗಿಸಿದೆ. ಮಧ್ಯದಲ್ಲಿ, ಸ್ವಲ್ಪ ಓರೆಯಾಗಿ, ನೇರಳೆ ವೃತ್ತ. ಇನ್‌ವರ್ಡ್ ಸಂಖ್ಯೆ, ತಾರೀಖು, ಸಹಿ. 1203ರದ್ದೂ ಹಾಗೆಯೇ, ಮಳೆ ನೀರು ಬಿದ್ದು ಅಂಚು ಹರಡಿಕೊಂಡಿತ್ತು, ಆದರೆ ಸಂಖ್ಯೆ ಓದಬಹುದಿತ್ತು. ನಾನು ಸ್ಕ್ಯಾನ್ ಮಾಡಿಸಿದ್ದು ಒಂದೇ ಬದಿ. ಹಿಂಬದಿ ನೋಡುವ ಯೋಚನೆಯೇ ಬಂದಿರಲಿಲ್ಲ. ಮುದ್ರೆಯಿಲ್ಲದ ಚಲನ್ ಎಂದು ಸೇರಿಸುವುದನ್ನೇ ಬಿಟ್ಟಿದ್ದೆ.

ಎರಡೂ ಬದಿಯ ಸ್ಕ್ಯಾನ್, ಇನ್‌ವರ್ಡ್ ಸಂಖ್ಯೆ, ತಾರೀಖು ಬರೆದು ಆ ಹುಡುಗಿಗೆ ಕಳಿಸಿದೆ. "ಏನನ್ನು ಹುಡುಕಬೇಕೆಂದು ಹೇಳಿ" ಎಂದಿದ್ದಳಲ್ಲ, ಹೇಳಿದೆ. ನಾಲ್ಕು ದಿನದಲ್ಲಿ ಅವರ ರಿಜಿಸ್ಟರ್‌ನಲ್ಲಿ ಅವೇ ಸಂಖ್ಯೆ ಸಿಕ್ಕವು. 1,96,300 ರೂಪಾಯಿ ಸೇರಿ ಒಪ್ಪಿದ ಮೊತ್ತ 39,48,710 ಆಯಿತು. ಸಾಲ ಕೊಟ್ಟವರ ಪರಿಷ್ಕೃತ ಪಟ್ಟಿ ಪ್ರಕಟವಾದಾಗ ಯಜಮಾನರು ಮೊಬೈಲಿನಲ್ಲಿ ತಮ್ಮ ಸಂಸ್ಥೆಯ ಹೆಸರನ್ನು ದೊಡ್ಡದು ಮಾಡಿ ನೋಡಿದರು. ಮರ್ಯಾದೆಯ ಪ್ರಶ್ನೆ ಆಗ ನೆನಪಾಗಲಿಲ್ಲ.

1219 ಮಾತ್ರ ಸಿಗಲಿಲ್ಲ. 46,800 ರೂಪಾಯಿ. ಒಂದು ಭಾನುವಾರ ಅವರ ಪರ್ಚೇಸ್ ಎಂಜಿನಿಯರ್ ಫೋನ್ ಮಾಡಿ, ಸೋಮವಾರ ಬೆಳಿಗ್ಗೆ ಪಂಪ್ ರವಾನೆಯಾಗಬೇಕು, ಬುಷ್ ಈಗಲೇ ಬೇಕು ಎಂದಿದ್ದರು. ನಮ್ಮ ಹುಡುಗ ಗೂಡ್ಸ್ ಆಟೋದಲ್ಲಿ ಕೊಂಡೊಯ್ದ. ಗೇಟಿನಲ್ಲಿ ಮುದ್ರೆ ಹಾಕುವವರು ಇರಲಿಲ್ಲ. "ನಾಳೆ ಹಾಕಿಸಿಕೊಡುತ್ತೇನೆ" ಎಂದು ಎಂಜಿನಿಯರ್ ಎರಡೂ ಪ್ರತಿ ಇಟ್ಟುಕೊಂಡರು. ಐವತ್ತು ಸಾವಿರದ ಒಳಗಿದ್ದ ಕಾರಣ ಇ-ವೇ ಬಿಲ್ಲೂ ಮಾಡಿರಲಿಲ್ಲ. ಹಣ ಬಾಕಿಯಿದ್ದರೂ ಗಿರಾಕಿಯ ಅವಸರಕ್ಕೆ ಓಡಿ ಹೋಗಿ ಕೊಟ್ಟ ಮಾಲು, ಅದಕ್ಕೇ ಕಾಗದವಿಲ್ಲ. ನನ್ನ ಬಳಿ ಇದ್ದದ್ದು ಹುಡುಗನ ಮಾತು ಮತ್ತು ಎರಡು ನಿಮಿಷದ ಒಂದು ಕರೆಯ ದಾಖಲೆ. ಆ ಎಂಜಿನಿಯರ್ ಕೆಲಸ ಬಿಟ್ಟು ಬೇರೆ ಊರಿಗೆ ಹೋಗಿದ್ದರು. ನ್ಯಾಯಮಂಡಳಿಗೆ ಹೋಗಲು ವಕೀಲರ ಶುಲ್ಕ ಕೇಳಿದೆ. ಬಿಲ್ಲಿಗಿಂತ ಹೆಚ್ಚಿತ್ತು. ಬಿಟ್ಟೆವು.

ಒಂದೂವರೆ ವರ್ಷದ ಮೇಲೆ ಪರಿಹಾರ ಯೋಜನೆಗೆ ಒಪ್ಪಿಗೆ ಸಿಕ್ಕಿತು. ನಮ್ಮಂಥವರಿಗೆ ಕಾನೂನು ಖಾತರಿ ಕೊಡುವುದು, ಕಂಪನಿಯನ್ನು ಮುಚ್ಚಿ ಮಾರಿದ್ದರೆ ನಮ್ಮ ಪಾಲಿಗೆ ಬರುತ್ತಿದ್ದ ಮೊತ್ತಕ್ಕಿಂತ ಕಡಿಮೆ ಆಗಬಾರದು ಎಂಬುದನ್ನು ಮುಖ್ಯವಾಗಿ. ಬ್ಯಾಂಕಿನ ಅಡಮಾನ ಕಳೆದ ಮೇಲೆ ಆ ಮೊತ್ತ ಎಷ್ಟೋ ಸಲ ಸೊನ್ನೆ. ನಮಗೆ ನೂರಕ್ಕೆ ನಾಲ್ಕು ರೂಪಾಯಿ ಬಂತು. 1,57,948 ರೂಪಾಯಿ. ಯಜಮಾನರು ಬ್ಯಾಂಕಿನ ಸಂದೇಶ ನೋಡಿ ನಕ್ಕರು, ನಕ್ಕದ್ದು ಯಾವುದಕ್ಕೆ ಎಂದು ನಾನು ಕೇಳಲಿಲ್ಲ. ಹಿಂಬದಿಯ ಆ ಎರಡು ಮುದ್ರೆಗಳಿಂದ ಅದರಲ್ಲಿ ಸೇರಿದ್ದು ಲೆಕ್ಕ ಹಾಕಿದರೆ 7,852 ರೂಪಾಯಿ. ಅಷ್ಟಕ್ಕೆ ಇಷ್ಟು ಓಡಾಟವೇ ಎಂದು ಪ್ಲೇಟಿಂಗ್‌ನವರು ಕೇಳಿದರು. ಅವರ ಪ್ರಶ್ನೆ ತಪ್ಪಲ್ಲ. ಆದರೆ ಆ ಎರಡು ಲಕ್ಷದ ಮಾಲನ್ನು ನಮ್ಮವರು ಮಾಡಿದ್ದರು, ನಮ್ಮ ಯಂತ್ರ ಓಡಿತ್ತು, ಅದು ಪುಸ್ತಕದಲ್ಲಿ ಸುಳ್ಳಾಗಿ ಉಳಿಯುವುದು ನನಗೆ ಒಗ್ಗುತ್ತಿರಲಿಲ್ಲ.

ಈಗ ದೊಡ್ಡ ಗಿರಾಕಿಗಳ ಬಿಲ್‌ಗಳನ್ನು ಎನ್‌ಇಎಸ್‌ಎಲ್‌ನಲ್ಲಿ ದಾಖಲಿಸುವ ಬಗ್ಗೆ ಯೋಚಿಸುತ್ತಿದ್ದೇವೆ. ಸಾಲದ ದಾಖಲೆಗಳನ್ನು ಇಟ್ಟುಕೊಂಡು ಎದುರಿನವರಿಂದ ದೃಢೀಕರಣ ಪಡೆಯುವ ಸಂಸ್ಥೆ ಅದು, ಬೆಂಗಳೂರಿನದ್ದೇ. ಗಿರಾಕಿ ಬೇಸರ ಮಾಡಿಕೊಂಡಾನೆಂದು ಯಜಮಾನರು ಇನ್ನೂ ಮೀನಮೇಷ ಎಣಿಸುತ್ತಿದ್ದಾರೆ. ಬಾಕಿ ದೃಢೀಕರಣ ಪತ್ರವನ್ನು ವರ್ಷಕ್ಕೊಂದರ ಬದಲು ಮೂರು ತಿಂಗಳಿಗೊಂದು ಕಳಿಸುತ್ತಿದ್ದೇನೆ. ಉತ್ತರ ಬಾರದ ಕಂಪನಿಗಳ ಹೆಸರನ್ನು ಬೇರೆ ಹಾಳೆಯಲ್ಲಿ ಬರೆದಿಡುತ್ತೇನೆ.

ಗೂಡ್ಸ್ ಆಟೋದ ಹುಡುಗನಿಗೆ ಹೇಳಿಬಿಟ್ಟಿದ್ದೇನೆ: ಮುದ್ರೆ ಬಿದ್ದ ಚಲನ್ ಇಲ್ಲದೆ ಗೇಟಿನಿಂದ ತಿರುಗಬೇಡ, ಮುದ್ರೆಯ ಫೋಟೊ ಅಲ್ಲಿಂದಲೇ ಕಳಿಸು, ಎರಡೂ ಬದಿಯದ್ದು. ಕಳೆದ ಶನಿವಾರ ರಾತ್ರಿ ಏಳೂವರೆಗೆ ಅವನ ಫೋನ್ ಬಂತು.

"ಮೇಷ್ಟ್ರೇ, ಸೀಲ್ ಇರುವ ಡ್ರಾಯರ್‌ಗೆ ಬೀಗ ಹಾಕಿದೆ. ಬೀಗದ ಕೈ ಇರುವವರು ಊಟಕ್ಕೆ ಹೋಗಿದ್ದಾರಂತೆ. ಸೋಮವಾರ ಹಾಕಿಸಿಕೊಳ್ಳಿ ಎನ್ನುತ್ತಿದ್ದಾರೆ. ಮಾಲು ಇಳಿಸಲೇ?"

"ಇಳಿಸಬೇಡ, ಕಾಯಿ" ಎಂದೆ.